ಬೆಳೆಯುವ ಊರು, ಬೆಳೆಸುವ ಊರು

ಕತಾರಿನ ದೋಹಾದ ಹಳೆಯ ಸಂತೆ ಸೂಕ್ ವಾಕಿಫ್‌ನ ಓಣಿಗಳಲ್ಲಿ ತಳ್ಳುಗಾಡಿ ಹಿಡಿದು, ಕೆಂಗಂದು ಬಣ್ಣದ ತೋಳಿಲ್ಲದ ಅಂಗಿ ತೊಟ್ಟು ಓಡಾಡುವ ಹೊರೆಯಾಳುಗಳಿಗೆ ಅಲ್ಲಿ ‘ಹಮಾಲಿ’ ಎಂದೇ ಹೆಸರು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವವರನ್ನೂ ನಾವು ಹಾಗೆಯೇ ಕರೆಯುತ್ತೇವೆ. ಅರಬ್ಬಿ ಪದ ಯಾವ ಹಡಗು ಹತ್ತಿ ನಮ್ಮ ಮಂಡಿಗಳಿಗೆ ಬಂತೋ, ಈಗಂತೂ ಅದು ನಮ್ಮದೇ. ದೋಹಾಕ್ಕೆ ಹೊಸದಾಗಿ ಹೋದ ಕನ್ನಡಿಗ ಮಸಾಲೆ ಅಂಗಡಿಗಳ ನಡುವೆ ಆ ಕೂಗು ಕೇಳಿದರೆ ಒಮ್ಮೆ ತಿರುಗಿ ನೋಡದೆ ಇರಲಾರ.

ಪುತ್ತೂರು ಕಡೆಯ, ಎರಡು ದಶಕದಿಂದ ಅಲ್ಲಿರುವ ಪರಿಚಯದವರೊಬ್ಬರ ಜೊತೆ ಅಲ್ಲಿ ಕರಕ್ ಚಹಾ ಕುಡಿಯುತ್ತ ಕೂತಿದ್ದೆ. ಹೊತ್ತು ಮುಳುಗಿದ್ದರೂ ಕಲ್ಲುಹಾಸಿನಿಂದ ಝಳ ಏಳುತ್ತಿತ್ತು. ಮಣ್ಣು ಮೆತ್ತಿದ ಗೋಡೆಗಳ ಆಚೆ ವೆಸ್ಟ್ ಬೇಯ ಗಾಜಿನ ಗೋಪುರಗಳು ಹೊಳೆಯುತ್ತಿದ್ದವು. “ಎಷ್ಟು ಬೇಗ ಬೆಳೀತಲ್ಲ ಈ ಊರು” ಎಂದೆ. “ಇಲ್ಲಿ ಊರು ಬೆಳೆಯುದಲ್ಲ ಮಾರಾಯ್ರೆ, ಬೆಳೆಸುದು” ಎಂದರು ಅವರು, ಲೋಟ ಕೆಳಗಿಡುತ್ತ.

ಜಗತ್ತಿನ ಊರುಗಳು 2050ಕ್ಕೆ, 2100ಕ್ಕೆ ಎಷ್ಟು ಹರಡಿಕೊಂಡಾವು, ಎತ್ತ ಹರಡಿಯಾವು, ಯಾವ ಬಿಸಿಯಲ್ಲಿ ಅಲ್ಲಿ ಜನ ಬದುಕಬೇಕಾದೀತು ಎಂದು ಲೆಕ್ಕ ಹಾಕುವ ವಿದ್ಯೆಯೊಂದು ಕಳೆದ ಎರಡು ದಶಕಗಳಲ್ಲಿ ಬಲಿತಿದೆ. ಉಪಗ್ರಹ ಚಿತ್ರ, ಜನಗಣತಿ, ಆರ್ಥಿಕ ಅಂದಾಜು, ಹವಾಮಾನದ ಮುನ್ನೋಟ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಭವಿಷ್ಯದ ನಕಾಶೆ ತೆಗೆಯುತ್ತಾರೆ. ಆ ವಿದ್ಯೆಯ ಒಳಜಗಳಗಳಲ್ಲಿ ಬಹುಪಾಲು ಪುತ್ತೂರಿನವರ ಆ ಒಂದು ಮಾತಿನೊಳಗೇ ಇವೆ ಎಂದು ನನಗೆ ಅನ್ನಿಸುತ್ತದೆ. ಊರು ತಾನಾಗಿ ಬೆಳೆಯುತ್ತದೆ ಎಂದುಕೊಂಡು ಮಾಡುವ ಲೆಕ್ಕ ಒಂದು ಬಗೆ, ಯಾರೋ ಬೆಳೆಸುತ್ತಾರೆ ಎಂದುಕೊಂಡು ಮಾಡುವುದು ಇನ್ನೊಂದು.

ಗೋಪುರ, ವರ್ತುಲ, ಏಳು ಪಾಪ

ಬೆಂಗಳೂರಿನ ಕೆಂಪೇಗೌಡ ಗೋಪುರಗಳ ಬಗ್ಗೆ ಎಲ್ಲರೂ ಕೇಳಿದ ಮಾತೊಂದಿದೆ: ಊರು ಇಲ್ಲಿಯವರೆಗೆ ಬೆಳೆದೀತು ಎಂದು ಗುರುತು ಹಾಕಿ ನಿಲ್ಲಿಸಿದವು ಅವು. ಲಾಲ್‌ಬಾಗಿನ ಬಂಡೆಯ ಮೇಲೊಂದು, ಹಲಸೂರು ಕೆರೆಯ ಹತ್ತಿರ ಒಂದು, ಕೆಂಪಾಂಬುಧಿ ಕೆರೆಯ ಬಳಿ ಒಂದು, ಮೇಖ್ರಿ ವೃತ್ತದ ಪಕ್ಕ ಒಂದು. ನಿಜಕ್ಕೂ ಎಲ್ಲೆಯ ಅಂದಾಜೋ, ಬರೀ ಕಾವಲಿನ ಗೋಪುರವೋ, ಆ ತಕರಾರು ಹಾಗಿರಲಿ. ಅಂದಾಜೇ ಆಗಿದ್ದರೆ ಅದು ನಾಲ್ಕು ದಿಕ್ಕಿಗೂ ತಪ್ಪಿತು. ಮೇಖ್ರಿ ವೃತ್ತದಿಂದ ವಿಮಾನ ನಿಲ್ದಾಣಕ್ಕೆ ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚು, ದಾರಿಯುದ್ದಕ್ಕೂ ಊರೇ.

ಪುಸ್ತಕಗಳಲ್ಲಿ ಈ ಕಥೆ 1826ಕ್ಕೆ ಶುರುವಾಗುತ್ತದೆ. ಜರ್ಮನಿಯ ಜಮೀನ್ದಾರ ಫಾನ್ ಥ್ಯೂನೆನ್ ಪೇಟೆಯೊಂದರ ಸುತ್ತ ವರ್ತುಲಗಳನ್ನು ಎಳೆದ: ಹತ್ತಿರದಲ್ಲಿ ಹಾಲು ತರಕಾರಿ, ಆಚೆ ಕಟ್ಟಿಗೆಯ ಕಾಡು, ಇನ್ನೂ ಆಚೆ ಧಾನ್ಯ, ಕೊನೆಗೆ ದನ. ನೂರು ವರ್ಷದ ನಂತರ, 1925ರಲ್ಲಿ, ಅರ್ನೆಸ್ಟ್ ಬರ್ಜೆಸ್ ಶಿಕಾಗೋ ನಗರವನ್ನೇ ಹಾಗೆ ವರ್ತುಲಗಳಾಗಿ ಕಂಡ. ಕಾಲಿನ್ ಕ್ಲಾರ್ಕ್ 1951ರಲ್ಲಿ ನಡುಪೇಟೆಯಿಂದ ದೂರ ಹೋದ ಹಾಗೆ ಜನಸಾಂದ್ರತೆ ಒಂದು ನಿಯಮಕ್ಕೆ ಕಟ್ಟುಬಿದ್ದು ಇಳಿಯುತ್ತದೆ ಎಂದು ತೋರಿಸಿದ. 1964ರಲ್ಲಿ ವಿಲಿಯಂ ಅಲೊನ್ಸೊ ಅದಕ್ಕೆ ಬಾಡಿಗೆಯ ಗಣಿತ ಜೋಡಿಸಿದ. ಹತ್ತಿರ ಬೇಕೆಂದರೆ ಚಿಕ್ಕ ಮನೆ, ದೊಡ್ಡ ಮನೆ ಬೇಕೆಂದರೆ ದೂರದ ಬಸ್ಸು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಅದೇ 1964ರಲ್ಲಿ ಐರಾ ಲೌರಿ ಪಿಟ್ಸ್‌ಬರ್ಗ್ ನಗರವನ್ನು ಕಂಪ್ಯೂಟರಿಗೆ ಇಳಿಸಿದ. ಆಮೇಲೆ ಹತ್ತು ವರ್ಷ ಇಂಥ ದೊಡ್ಡ ಮಾದರಿಗಳ ಸುಗ್ಗಿ. 1973ರಲ್ಲಿ ಡಗ್ಲಸ್ ಲೀ ಅವುಗಳಿಗೆ ತಿಥಿ ಮಾಡಿದ ಹಾಗೆ ಒಂದು ಲೇಖನ ಬರೆದು ಏಳು ಪಾಪಗಳನ್ನು ಪಟ್ಟಿಮಾಡಿದ. ಎಲ್ಲವನ್ನೂ ಒಂದೇ ಏಟಿಗೆ ವಿವರಿಸುವ ದುರಾಸೆ ಅದರಲ್ಲೊಂದು, ಅಂಕಿಅಂಶಕ್ಕಾಗಿ ತೀರದ ಹಸಿವು ಇನ್ನೊಂದು. ಅರ್ಧ ಶತಮಾನ ಕಳೆದರೂ ಈ ಎರಡು ಪಾಪ ಪರಿಹಾರವಾಗಿಲ್ಲ.

ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದವರು ಇದಕ್ಕಿಂತ ಸರಳ ದಾರಿ ಹಿಡಿದರು: ಹಿಂದಿನ ದರವನ್ನು ಮುಂದಕ್ಕೆ ಎಳೆಯುವುದು. 1970ರ ದಶಕದ ಅವರ ಅಂದಾಜಿನಂತೆ ಮೆಕ್ಸಿಕೊ ನಗರದ ಜನಸಂಖ್ಯೆ 2000ಕ್ಕೆ 3 ಕೋಟಿ ದಾಟಬೇಕಿತ್ತು. ಬಂದದ್ದು ಸುಮಾರು 1.8 ಕೋಟಿ. ಹೆರಿಗೆ ಕಡಿಮೆಯಾಯಿತು, ಕಾರ್ಖಾನೆಗಳು ಬೇರೆ ಕಡೆ ಹೋದವು, ಜನರೂ ಹಿಂದೆಯೇ ಹೋದರು.

ಕತಾರ್ ಲೆಕ್ಕ ಹಾಕಿ ನೋಡಿ

ದೋಹಾದಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಆಗುತ್ತದೆ. ಕತಾರಿನ ಜನಗಣತಿ 1997ರಲ್ಲಿ 5,22,023 ಜನರನ್ನು ಎಣಿಸಿತು, 2004ರಲ್ಲಿ 7,44,029 ಜನರನ್ನು. ವರ್ಷಕ್ಕೆ ಶೇಕಡಾ ಐದರ ಆಸುಪಾಸಿನ ಏರಿಕೆ. ಅದೇ ದರವನ್ನು 2010ಕ್ಕೆ ಎಳೆದರೆ ಹತ್ತು ಲಕ್ಷದ ಹತ್ತಿರ ಬರಬೇಕು, ಕ್ಯಾಲ್ಕುಲೇಟರ್ ಇದ್ದರೆ ನೀವೇ ಮಾಡಿ ನೋಡಬಹುದು. 2010ರ ಗಣತಿ ಎಣಿಸಿದ್ದು 16,99,435. 2015ಕ್ಕೆ 24 ಲಕ್ಷ, 2020ಕ್ಕೆ 28,46,118.

2004ರಿಂದ 2010ರವರೆಗಿನ ಆ ಆರು ವರ್ಷಗಳಲ್ಲಿ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ವಿಶೇಷವೇನೂ ಇಲ್ಲ. ಕಡಲಡಿಯ ನಾರ್ತ್ ಫೀಲ್ಡ್ ಅನಿಲ ನಿಕ್ಷೇಪ ಪತ್ತೆಯಾದದ್ದು 1971ರಲ್ಲಿ, ಅದರ ದ್ರವೀಕೃತ ಅನಿಲ ಹೊರದೇಶಕ್ಕೆ ಹಡಗೇರತೊಡಗಿದ್ದು 1990ರ ದಶಕದ ಕೊನೆಗೆ. ಆ ಹಣ 2000ರ ನಂತರ ಕಟ್ಟಡವಾಗತೊಡಗಿತು. ಕಟ್ಟುವುದಕ್ಕೆ ಜನ ಬೇಕು, ಜನಕ್ಕೆ ವೀಸಾ ಬೇಕು. ಈಗ ಅಲ್ಲಿಯ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಗಂಡಸರು, ಭಾರತೀಯರೇ ಏಳೆಂಟು ಲಕ್ಷ. ಜನಸಂಖ್ಯೆ ಅಲ್ಲಿ ಹುಟ್ಟು ಸಾವಿನ ಲೆಕ್ಕವಾಗಿ ಉಳಿದಿಲ್ಲ, ಗುತ್ತಿಗೆಯ ಲೆಕ್ಕವಾಗಿದೆ. ಸರ್ಕಾರ ತಿಂಗಳು ತಿಂಗಳು ಗಡಿಯೊಳಗಿನ ತಲೆ ಎಣಿಸಿ ಪ್ರಕಟಿಸುತ್ತದೆ, ಬೇಸಿಗೆ ರಜೆಗೆ ಜನ ಊರಿಗೆ ಹೊರಟಾಗ ಆ ಅಂಕಿ ಲಕ್ಷಗಟ್ಟಲೆ ಇಳಿಯುತ್ತದೆ.

ಮುನ್ನಂದಾಜಿನ ಬಹುತೇಕ ಮಾದರಿಗಳು ಮನುಷ್ಯರಿಗೆ ಅವರಿದ್ದಲ್ಲೇ ವಯಸ್ಸಾಗಿಸುತ್ತವೆ. ಇವತ್ತಿನ ಮೂವತ್ತರವನು ಮೂವತ್ತು ವರ್ಷದ ನಂತರ ಅರವತ್ತರವನಾಗಿ ಅದೇ ಊರಿನಲ್ಲಿರುತ್ತಾನೆ. ಕತಾರಿನಲ್ಲಿ ಅವನು ಅಷ್ಟು ಹೊತ್ತಿಗೆ ಉಪ್ಪಳದಲ್ಲೋ ಭಟ್ಕಳದಲ್ಲೋ ಮೊಮ್ಮಕ್ಕಳ ಜೊತೆ ಇರುತ್ತಾನೆ, ಅವನ ಜಾಗದಲ್ಲಿ ಇನ್ನೊಬ್ಬ ಮೂವತ್ತರವನು ಇರುತ್ತಾನೆ.

ಜನ ಮತ್ತು ಹಣದ ಲೆಕ್ಕದವರು

ಈಗ ಪಂಥಗಳ ವಿಚಾರ. ಮೊದಲನೆಯವರ ವಾದ ಸರಳ. ಊರಿನ ವಿಸ್ತಾರ ಎರಡು ಸಂಗತಿಗೆ ಕಟ್ಟುಬಿದ್ದಿದೆ: ಎಷ್ಟು ಜನ, ಅವರ ಕೈಯಲ್ಲಿ ಎಷ್ಟು ಹಣ. ಜನ ಹೆಚ್ಚಿದರೆ ಮನೆ ಹೆಚ್ಚು, ಹಣ ಹೆಚ್ಚಿದರೆ ತಲೆಗೆ ಜಾಗ ಹೆಚ್ಚು. ಶ್ಲೋಮೊ ಏಂಜೆಲ್ ಮತ್ತು ಸಂಗಡಿಗರು ಜಗತ್ತಿನ ಊರುಗಳನ್ನು ಉಪಗ್ರಹ ಚಿತ್ರಗಳಲ್ಲಿ ಅಳೆದು, ಊರುಗಳ ಜನಕ್ಕಿಂತ ಊರುಗಳ ನೆಲ ವೇಗವಾಗಿ ಹೆಚ್ಚುತ್ತಿದೆ ಎಂದು ತೋರಿಸಿದರು. ಕರೆನ್ ಸೆಟೊ, ಬುರಾಕ್ ಗ್ಯುನೆರಾಲ್ಪ್, ಲೂಸಿ ಹುಟೈರಾ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು: 2000ರಿಂದ 2030ರೊಳಗೆ ಜಗತ್ತಿನ ನಗರಭೂಮಿಗೆ 12 ಲಕ್ಷ ಚದರ ಕಿಲೋಮೀಟರ್ ಸೇರಬಹುದು, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟಾಗಬಹುದು. ಅವರು ಒಂದೇ ಗೆರೆ ಎಳೆಯದೆ ಪ್ರತಿ ತುಂಡು ನೆಲಕ್ಕೂ ‘ಊರಾಗುವ ಸಾಧ್ಯತೆ ಇಷ್ಟು’ ಎಂದು ಬರೆದರು. ಪ್ರಾಮಾಣಿಕ ಕೆಲಸ ಅದು.

ಈ ಪಂಥ ದೊಡ್ಡ ಚಿತ್ರವನ್ನು ಚೆನ್ನಾಗಿ ಕೊಡುತ್ತದೆ. ಆಫ್ರಿಕಾ ಏಕೆ ಮುಂದಿನ ದಶಕಗಳ ಕಥೆ, ಶ್ರೀಮಂತವಾಗುವ ದೇಶ ಏಕೆ ಅಗಲಕ್ಕೆ ಹರಡುತ್ತದೆ ಎಂಬುದಕ್ಕೆಲ್ಲ ಉತ್ತರವಿದೆ. ಒಂದೊಂದು ಊರಿನ ಓಣಿಗೆ ಇಳಿದರೆ ಮಾತ್ರ ಕೈಚೆಲ್ಲುತ್ತದೆ.

ಚೌಕದ ಪಕ್ಕದ ಚೌಕ

ಓಣಿಗೆ ಇಳಿಯುವವರು ಎರಡನೆಯ ಪಂಥದವರು. ನೆಲವನ್ನು ಚಿಕ್ಕ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕವೂ ಅಕ್ಕಪಕ್ಕದವರನ್ನು ನೋಡಿ ತಾನೇನಾಗಬೇಕೆಂದು ನಿರ್ಧರಿಸುವಂತೆ ಬಿಡುತ್ತಾರೆ. ಪಕ್ಕದಲ್ಲಿ ಎಷ್ಟು ಕಟ್ಟಡವಿದೆ? ರಸ್ತೆ ಹತ್ತಿರವೇ? ನೆಲ ಇಳಿಜಾರೇ? ಕೆರೆ, ಕಾಡು, ಸೇನೆಯ ಜಾಗದಂಥ ಅಡ್ಡಿ ಇದೆಯೇ? ವಾಲ್ಡೊ ಟಾಬ್ಲರ್ 1970ರಲ್ಲಿ ಡೆಟ್ರಾಯಿಟ್ ನಗರದ ಬೆಳವಣಿಗೆಯನ್ನು ಚಲನಚಿತ್ರದಂತೆ ತೋರಿಸಲು ಹೊರಟಾಗ ಹೇಳಿದ ಮಾತೇ ಇದರ ಬುನಾದಿ: ಎಲ್ಲಕ್ಕೂ ಎಲ್ಲದರ ನಂಟಿದೆ, ಹತ್ತಿರದ್ದಕ್ಕೆ ಹೆಚ್ಚು. ಕೀತ್ ಕ್ಲಾರ್ಕ್ ಮತ್ತು ಜೊತೆಗಾರರು 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೇಲೆ ಪ್ರಯೋಗಿಸಿದ ‘ಸ್ಲೂತ್’ ಮಾದರಿ ಆಮೇಲೆ ಜಗತ್ತಿನ ನೂರಾರು ಊರುಗಳಿಗೆ ಹೋಯಿತು.

ಬೆಂಗಳೂರಿನಲ್ಲಿ ಈ ಕೆಲಸವನ್ನು ಜನಕ್ಕೆ ಮುಟ್ಟಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ. 1973ರಿಂದ ಮುಂದಕ್ಕೆ ಉಪಗ್ರಹ ಚಿತ್ರಗಳನ್ನು ಜೋಡಿಸಿ, ನಾಲ್ಕು ದಶಕದಲ್ಲಿ ಕಾಂಕ್ರೀಟ್ ನೆಲ ಹತ್ತು ಪಟ್ಟಿನ ಹತ್ತಿರ ಹೆಚ್ಚಿದ್ದನ್ನೂ, ಮರಗಿಡ ಮತ್ತು ಕೆರೆಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿದ್ದನ್ನೂ ಅವರು ತೋರಿಸಿದರು, ಮುಂದೇನಾದೀತೆಂದು ಚೌಕಗಳ ಮಾದರಿಯಲ್ಲಿ ಓಡಿಸಿದರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಿಗೆ ಆ ನಕಾಶೆಯ ಕರಗಿದ ಕೆರೆಗಳು ಎಲ್ಲಿದ್ದವೆಂದು ಕಾಲಿಗೇ ಗೊತ್ತಾಯಿತು.

ಅದೇ ಮಾದರಿಯನ್ನು ದೋಹಾಕ್ಕೆ ಒಯ್ದರೆ? ನೆಲ ಅಂಗೈಯಂತೆ ಚಪ್ಪಟೆ, ಇಳಿಜಾರಿನ ಪ್ರಶ್ನೆಗೆ ಕೆಲಸವಿಲ್ಲ. ನೀರಿನ ಚೌಕಗಳನ್ನು ಮಾದರಿಕಾರರು ಸಾಮಾನ್ಯವಾಗಿ ಮೊದಲೇ ಕಟ್ಟಡಕ್ಕೆ ನಿಷಿದ್ಧ ಎಂದು ಗುರುತಿಸಿಬಿಡುತ್ತಾರೆ. ದೋಹಾ ಬೆಳೆದದ್ದೇ ಅಲ್ಲಿ. ವೆಸ್ಟ್ ಬೇ 1970ರ ದಶಕದಲ್ಲಿ ಹೂಳೆತ್ತಿ ಕಡಲಿಗೆ ಸುರಿದು ಮಾಡಿದ ನೆಲ. ವಿಲಿಯಂ ಪೆರೇರಾ ಅಲ್ಲಿ ಕಟ್ಟಿದ ಪಿರಮಿಡ್ಡಿನಂಥ ಶೆರಟನ್ ಹೋಟೆಲು 1982ರಲ್ಲಿ ಬಾಗಿಲು ತೆರೆದಾಗ ಸುತ್ತ ಬಯಲೇ ಬಯಲು. ಪರ್ಲ್ ಎಂಬ ಬಡಾವಣೆಯಂತೂ ಸುಮಾರು 40 ಲಕ್ಷ ಚದರ ಮೀಟರಿನ ಕೃತಕ ದ್ವೀಪ. ಪಕ್ಕದ ಚೌಕ ನೋಡಿ ಬೆಳೆಯುವ ಯಾವ ಮಾದರಿಯೂ ಇವನ್ನು ಮೊದಲೇ ಕಾಣುತ್ತಿರಲಿಲ್ಲ.

ಐದು ಕಥೆಗಳು

2010ರ ದಶಕದಲ್ಲಿ ಹವಾಮಾನ ವಿಜ್ಞಾನಿಗಳಿಗೆ ಒಂದು ತೊಡಕು ಎದುರಾಯಿತು. ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದು ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದರ ಮೇಲಿದೆ, ಅದು ಯಾರಿಗೂ ಗೊತ್ತಿಲ್ಲ. ಆಗ ಬ್ರಯನ್ ಓನೀಲ್ ಮೊದಲಾದವರು ಐದು ಕಥೆ ಬರೆದರು. ಎಸ್‌ಎಸ್‌ಪಿ ಎಂದು ಕರೆಯುವ ಇವುಗಳಲ್ಲಿ ಮೊದಲನೆಯದು ಹಸಿರು ಹಾದಿ, ಎರಡನೆಯದು ನಡುಹಾದಿ. ಮೂರನೆಯದರಲ್ಲಿ ದೇಶದೇಶಗಳು ಬೇಲಿ ಹಾಕಿಕೊಂಡು ಕಚ್ಚಾಡುತ್ತವೆ. ನಾಲ್ಕನೆಯದರಲ್ಲಿ ಉಳ್ಳವರಿಗೂ ಇಲ್ಲದವರಿಗೂ ಅಂತರ ಹಿಗ್ಗುತ್ತದೆ. ಐದನೆಯದರಲ್ಲಿ ಎಲ್ಲರೂ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಸಿರಿವಂತರಾಗುತ್ತಾರೆ.

ಇವನ್ನು ನಗರಗಳಿಗೆ ಹೊಂದಿಸಿದ ಲೈವೆನ್ ಜಿಯಾಂಗ್ ಮತ್ತು ಓನೀಲ್ ಅವರ 2017ರ ಲೆಕ್ಕದಲ್ಲಿ, 2100ಕ್ಕೆ ಜಗತ್ತಿನ ನಗರವಾಸಿಗಳ ಪಾಲು ಬೇಲಿಯ ಕಥೆಯಲ್ಲಿ ಶೇಕಡಾ 60ರಷ್ಟು, ನಡುಹಾದಿಯಲ್ಲಿ 80ರ ಹತ್ತಿರ, ಉಳಿದ ಮೂರರಲ್ಲೂ 92ರ ಆಸುಪಾಸು. ಹಸಿರು ಹಾದಿಯೂ ಇಂಧನ ಸುಡುವ ಹಾದಿಯೂ ಒಂದೇ ಮಟ್ಟದ ನಗರೀಕರಣಕ್ಕೆ ಬಂದು ನಿಲ್ಲುತ್ತವೆ ಎಂಬುದು ಮೊದಲು ಓದಿದಾಗ ನನಗೆ ವಿಚಿತ್ರವೆನಿಸಿತ್ತು. ವ್ಯತ್ಯಾಸ ಇರುವುದು ತಲೆಯೆಣಿಕೆಯಲ್ಲಲ್ಲ, ನೆಲದಲ್ಲಿ. ಜಿಂಗ್ ಗಾವೊ ಮತ್ತು ಓನೀಲ್ 2020ರಲ್ಲಿ ತೋರಿಸಿದಂತೆ ಶತಮಾನದ ಕೊನೆಗೆ ಜಗತ್ತಿನ ನಗರಭೂಮಿ 1.8 ಪಟ್ಟೂ ಆಗಬಹುದು, 5.9 ಪಟ್ಟೂ ಆಗಬಹುದು. ಅದೇ ವರ್ಷ ಚೀನಾದ ಸಂಶೋಧಕರ ತಂಡವೊಂದು ಅದೇ ಐದು ಕಥೆ ಇಟ್ಟುಕೊಂಡು, ಒಂದು ಕಿಲೋಮೀಟರ್ ಚೌಕಗಳಲ್ಲಿ, ಬೇರೆಯದೇ ನಕಾಶೆ ತೆಗೆಯಿತು.

ಮೂರು ಪಟ್ಟಿಗಿಂತ ಹೆಚ್ಚಿನ ಈ ಅಂತರ ನೋಡಿ ‘ಇದೆಂಥ ವಿಜ್ಞಾನ’ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೀಗೆ ಆಗುತ್ತದೆ ಎಂದು ಈ ಕಥೆಗಳು ಎಲ್ಲೂ ಹೇಳುವುದಿಲ್ಲ, ಹೀಗೆ ಬದುಕಿದರೆ ಹೀಗಾದೀತು ಎನ್ನುತ್ತವೆ. ತಕರಾರಿರುವುದು ಬೇರೆ ಕಡೆ. ಒಂದೊಂದು ದೇಶ ಒಂದೇ ಕಥೆಯೊಳಗೆ ಕೂರುತ್ತದೆ ಎಂಬ ನಂಬಿಕೆ ಇಲ್ಲಿ ಅಡಗಿದೆ. ಕತಾರ್ 2008ರಲ್ಲಿ ಹೊರಡಿಸಿದ ‘ರಾಷ್ಟ್ರೀಯ ದೃಷ್ಟಿ 2030’ ಓದಿದರೆ ಹಸಿರು ಹಾದಿಯ ಕರಡಿನಂತಿದೆ. ಅದನ್ನು ನಡೆಸುವ ಹಣ ಐದನೆಯ ಕಥೆಯಿಂದ ಬರುತ್ತದೆ. ಕಟ್ಟುವ ಕೂಲಿಗಳ ವಸತಿ ದೋಹಾದ ಅಂಚಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಅದು ನಾಲ್ಕನೆಯ ಕಥೆ. 2017ರ ಜೂನಿನಲ್ಲಿ ನೆರೆಯ ದೇಶಗಳು ದಿಗ್ಬಂಧನ ಹಾಕಿದ ಮೇಲೆ ಮೂರೂವರೆ ವರ್ಷ ಕತಾರ್ ಮೂರನೆಯ ಕಥೆಯಲ್ಲೂ ಇತ್ತು.

ಬೆಳೆಸುವವರ ಕಡೆಗೆ ನೋಡುವವರು

ಗಣಿತಕ್ಕಿಂತ ಇತಿಹಾಸವನ್ನು ನೆಚ್ಚುವ ಪಂಥವೊಂದು ಕೊಲ್ಲಿಯ ಊರುಗಳ ಸುತ್ತ ಬೆಳೆದಿದೆ. ಯಾಸರ್ ಎಲ್‌ಶೆಷ್ಟಾವಿ, ದೋಹಾದ ಮೇಲೆ 2013ರಲ್ಲಿ ಪುಸ್ತಕ ತಂದ ಅಶ್ರಫ್ ಸಲಾಮಾ ಮತ್ತು ಫ್ಲೋರಿಯನ್ ವೀಡ್‌ಮನ್ ಅವರಂಥವರು ಇದರಲ್ಲಿದ್ದಾರೆ. ಇಲ್ಲಿ ಊರಿನ ರೂಪ ಮಾರುಕಟ್ಟೆಯ ನೂರಾರು ಚಿಕ್ಕ ತೀರ್ಮಾನಗಳಿಂದ ಬಂದದ್ದಲ್ಲ, ಅರಮನೆ, ಸರ್ಕಾರಿ ಕಂಪನಿ, ಹೊರದೇಶದ ವಾಸ್ತುಶಿಲ್ಪಿ ಈ ಮೂವರ ಕೂಟದಿಂದ ಬಂದದ್ದು ಎನ್ನುತ್ತಾರೆ ಇವರು. ಸೂಕ್ ವಾಕಿಫ್ ಇದಕ್ಕೆ ಒಳ್ಳೆಯ ಸಾಕ್ಷಿ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

ವಾಕಿಫ್ ಎಂದರೆ ನಿಂತಿರುವ. ಮುಶೈರಿಬ್ ಎಂಬ ಹಳ್ಳದ ದಂಡೆಯ ಸಂತೆ ಇದು. ಕಡಲಿನ ಉಬ್ಬರ ಹತ್ತಿರದವರೆಗೆ ಬರುತ್ತಿದ್ದರಿಂದ ವ್ಯಾಪಾರಿಗಳು ನಿಂತೇ ಮಾರುತ್ತಿದ್ದರಂತೆ. ಮುತ್ತಿನ ವ್ಯಾಪಾರ 1930ರ ಹೊತ್ತಿಗೆ ಜಪಾನಿನ ಕೃಷಿಮುತ್ತಿನಿಂದ ನೆಲಕಚ್ಚಿತು. 1939ರಲ್ಲಿ ದುಖಾನಿನಲ್ಲಿ ಎಣ್ಣೆ ಸಿಕ್ಕಿತು, 1949ರಲ್ಲಿ ಅದು ಹೊರದೇಶಕ್ಕೆ ಹೊರಟಿತು. ಹಣ ಬಂದ ಮೇಲೆ ಸಂತೆಗೆ ಸಿಮೆಂಟು, ತಗಡು, ಎಸಿ ಪೆಟ್ಟಿಗೆಗಳು ಬಂದವು, ಕತಾರಿಗಳು ಹೊರಬಡಾವಣೆಯ ಬಂಗಲೆಗಳಿಗೆ ಹೋದರು, ನಡುಪೇಟೆಯ ಹಳೆಯ ಮನೆಗಳಲ್ಲಿ ವಲಸೆ ಬಂದ ಒಂಟಿ ಗಂಡಸರು ಕಿಕ್ಕಿರಿದರು. 2003ರಲ್ಲಿ ಸಂತೆಗೆ ಬೆಂಕಿ ಬಿತ್ತು. ಮರುವರ್ಷದಿಂದ ಕಲಾವಿದ ಮೊಹಮ್ಮದ್ ಅಲಿ ಅಬ್ದುಲ್ಲಾ ಅವರ ಉಸ್ತುವಾರಿಯಲ್ಲಿ ಅರಮನೆಯೇ ಅದನ್ನು ಮತ್ತೆ ಕಟ್ಟಿಸಿತು. 1950ರ ನಂತರ ಬಂದ ಕಟ್ಟಡಗಳನ್ನು ಕೆಡವಿದರು ಇಲ್ಲವೇ ಮರೆಮಾಡಿದರು. ತಗಡು ತೆಗೆದು ದಂಚಲ್ ಮರದ ದುಂಡುಗಳು, ಮೇಲೆ ಬಿದಿರು, ಅದರ ಮೇಲೆ ಮಣ್ಣು ಹುಲ್ಲಿನ ಪದರ ಹಾಕಿದರು. ತಲೆ ಎತ್ತಿ ನೋಡಿದರೆ ಬಿದಿರಿನ ಸೀಳುಗಳ ಹೆಣಿಗೆ ಮಲೆನಾಡಿನ ಹಳೆ ಅಟ್ಟದಂತೆಯೇ ಕಾಣುತ್ತದೆ. ಹಳೆಯದನ್ನು ಉಳಿಸಿದ್ದೋ, ಹಳೆಯದನ್ನು ಹೊಸದಾಗಿ ಮಾಡಿದ್ದೋ ಎಂಬ ವಾದ ಇನ್ನೂ ನಡೆದಿದೆ. 2010ರ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಇದು ಹೋಯಿತು.

ಈಗ ಇದನ್ನೇ ಉಪಗ್ರಹದ ಕಣ್ಣಿನಿಂದ ನೋಡಿ. 1985ರಲ್ಲಿ ಈ ಚೌಕ ‘ನಗರ’. 2003ರಲ್ಲಿ ‘ನಗರ’. 2010ರಲ್ಲೂ ‘ನಗರ’. ಸುಟ್ಟದ್ದು, ಕೆಡವಿದ್ದು, ಕಟ್ಟಿದ್ದು, ಜನ ಎದ್ದುಹೋದದ್ದು ಯಾವುದೂ ದಾಖಲಾಗಲಿಲ್ಲ. ಪಕ್ಕದ ಮುಶೈರಿಬ್ ಡೌನ್‌ಟೌನಿನ 31 ಹೆಕ್ಟೇರಿನಲ್ಲಿ ಸಾವಿರಾರು ವಲಸಿಗರ ಬಿಡಾರಗಳು ಹೋಗಿ ನೆರಳಿನ ಓಣಿಗಳ ದುಬಾರಿ ಬಡಾವಣೆ ಬಂತು. ನಕಾಶೆಯಲ್ಲಿ ಅದೂ ‘ನಗರ’ದಿಂದ ‘ನಗರ’.

ಈ ಪಂಥದ ಮಿತಿಯೂ ಕಣ್ಣಿಗೆ ಕಾಣುವಂಥದ್ದೇ. ಆಗಿಹೋದದ್ದನ್ನು ಇವರಷ್ಟು ಚೆನ್ನಾಗಿ ಯಾರೂ ಹೇಳಲಾರರು, ಮುಂದಿನದನ್ನು ಕೇಳಿದರೆ ಸುಮ್ಮನಾಗುತ್ತಾರೆ. ಅರಸನ ಮನಸ್ಸಿಗೆ ಸಮೀಕರಣವಿಲ್ಲವಲ್ಲ.

ಬಿಸಿಲು ಲೆಕ್ಕಕ್ಕೆ ಬಂದಾಗ

2019ರ ಆಗಸ್ಟಿನಲ್ಲಿ ಸೂಕ್ ವಾಕಿಫ್‌ನ ಎದುರಿನ ಅಬ್ದುಲ್ಲಾ ಬಿನ್ ಜಾಸಿಮ್ ರಸ್ತೆಗೆ ನೀಲಿ ಬಣ್ಣ ಬಂತು. ಕತಾರಿನ ಲೋಕೋಪಯೋಗಿ ಸಂಸ್ಥೆ ಅಶ್ಘಾಲ್ ಸುಮಾರು 200 ಮೀಟರ್ ಡಾಂಬರಿನ ಮೇಲೆ ಒಂದು ಮಿಲಿಮೀಟರ್ ದಪ್ಪದ, ಬಿಸಿಲನ್ನು ಹಿಂದಕ್ಕೆ ಎರಚುವ ಲೇಪ ಬಳಿದು ಹದಿನೆಂಟು ತಿಂಗಳ ಪ್ರಯೋಗ ಶುರುಮಾಡಿತು. ಸಂತೆಯೊಳಗೆ ತೆರೆದ ಜಾಗಕ್ಕೇ ತಂಪುಗಾಳಿ ಊದುವ ಜಾಲರಿಗಳು ಅದಕ್ಕೆ ಮೊದಲೇ ಬಂದಿದ್ದವು. ನೀಲಿ ರಸ್ತೆಗೆ ಒಂಬತ್ತು ವರ್ಷ ಮೊದಲು, 2010ರ ಜುಲೈ 14ರಂದು, ದೋಹಾದಲ್ಲಿ 50.4 ಡಿಗ್ರಿ ದಾಖಲಾಗಿತ್ತು.

ಒಣ ಬಿಸಿಲಿಗಿಂತ ಕೊಲ್ಲಿಯ ಭಯ ಸೆಖೆ. ಕಡಲಿನ ತೇವ ಸೇರಿದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮಂಗಳೂರಿನ ಮೇ ತಿಂಗಳು ಬಲ್ಲವರಿಗೆ ಇದರ ಮೊದಲ ಪಾಠ ಗೊತ್ತು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದಲ್ಲಿ ಈ ತೇವದ ಬಿಸಿ 35 ಡಿಗ್ರಿ ತಲುಪಿದರೆ ನೆರಳಿನಲ್ಲಿ ಕೂತ ಆರೋಗ್ಯವಂತನೂ ಕೆಲವು ಗಂಟೆಗಿಂತ ಹೆಚ್ಚು ತಾಳಲಾರ ಎಂಬುದು ಹಳೆಯ ಲೆಕ್ಕ. ಜೆರೆಮಿ ಪಾಲ್ ಮತ್ತು ಎಲ್‌ಫಾತಿಹ್ ಎಲ್‌ತಾಹಿರ್ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಧನ ಸುಡುವುದು ಹೀಗೇ ಮುಂದುವರಿದರೆ ಶತಮಾನದ ಕೊನೆಗೆ ಕೊಲ್ಲಿಯ ಕೆಲವು ಊರುಗಳು ಆ ಗೆರೆ ಮುಟ್ಟಬಹುದೆಂದು ಹೇಳಿತು. ಅವುಗಳಲ್ಲಿ ದೋಹಾ ಒಂದು. ಆಮೇಲೆ ಯುವಕರ ಮೇಲೆ ನಡೆಸಿದ ಪ್ರಯೋಗಗಳು ಗೆರೆ 35ಕ್ಕಿಂತ ಸಾಕಷ್ಟು ಕೆಳಗೇ ಇದೆ ಎಂದವು. 2021ರಿಂದ ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲು ಕೆಲಸ ನಿಷಿದ್ಧ. ಬಿಸಿಲು, ತೇವ, ಗಾಳಿ ಸೇರಿಸಿ ಅಳೆಯುವ ಸೂಚ್ಯಂಕ 32.1 ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಿಸಬೇಕು.

ಮಾದರಿಕಾರರಲ್ಲಿ ಇಲ್ಲೊಂದು ದೊಡ್ಡ ಭಿನ್ನಾಭಿಪ್ರಾಯ. ಹವಾಮಾನವನ್ನು ಊರಿನ ಮೇಲೆ ಹೊರಗಿನಿಂದ ಬಂದು ಬೀಳುವ ಭಾರ ಎಂದು ನೋಡುವವರು ಹೆಚ್ಚು: ಮೊದಲು ಊರಿನ ನಕಾಶೆ, ಆಮೇಲೆ ಅದರ ಮೇಲೆ ಬಿಸಿಯ ನಕಾಶೆ, ಎಷ್ಟು ಜನ ಸಿಕ್ಕಿಬಿದ್ದರು ಎಂದು ಎಣಿಸುವುದು. ಊರೇ ಬಿಸಿ ಹುಟ್ಟಿಸುತ್ತದೆ ಎನ್ನುವವರು ಇನ್ನೊಂದು ಕಡೆ. ಕಾಂಗ್‌ನಿಂಗ್ ಹುವಾಂಗ್ ಮತ್ತು ಸಂಗಡಿಗರು 2019ರಲ್ಲಿ, ನಗರಗಳು ಹರಡುವುದರಿಂದಲೇ 2050ರ ಹೊತ್ತಿಗೆ ಎಷ್ಟು ಹೆಚ್ಚುವರಿ ಬಿಸಿ ಸೇರುತ್ತದೆಂದು ಲೆಕ್ಕ ಹಾಕಿದರು. ಮರಳುಗಾಡಿನಲ್ಲಿ ಇದೂ ನೇರವಾಗಿಲ್ಲ. ಬರಿ ಮರಳಿಗಿಂತ ನೆರಳು, ಗಿಡ ಇರುವ ಊರು ಹಗಲಲ್ಲಿ ತಂಪಾಗಿರುವುದುಂಟು, ರಾತ್ರಿ ಮಾತ್ರ ಕಾವು ಬಿಡದು. ಅದರ ಮೇಲೆ ಎಸಿ ಒಳಗಿನ ಬಿಸಿಯನ್ನು ಓಣಿಗೆ ತಂದು ಸುರಿಯುತ್ತದೆ. ಓಣಿಯಲ್ಲಿ ತಳ್ಳುಗಾಡಿ ಹಿಡಿದು ಹಮಾಲಿ ನಿಂತಿದ್ದಾನೆ.

ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ: ಬಿಸಿ ಹೆಚ್ಚಿದರೆ ಊರಿನ ಬೆಳವಣಿಗೆಯೇ ದಿಕ್ಕು ಬದಲಿಸುವುದೇ? ಜಾಗತಿಕ ನಕಾಶೆಗಳಲ್ಲಿ ಈ ಹಿಂದಿರುಗುವ ಹಾದಿ ಬಹುಮಟ್ಟಿಗೆ ಕಡಿದಿದೆ. 5.9 ಪಟ್ಟು ಬೆಳೆಯುವ ಜಗತ್ತು ತಾನು ಹುಟ್ಟಿಸಿದ ಬಿಸಿಯಿಂದ ಒಂದಿಷ್ಟೂ ಕುಗ್ಗದೆ ಬೆಳೆಯುತ್ತಲೇ ಹೋಗುತ್ತದೆ.

ದೋಹಾದ ಚೌಕ, ಕರಾವಳಿಯ ಚೌಕ

ಇಂಡಿಯನ್ ಕಲ್ಚರಲ್ ಸೆಂಟರಿನ ಅಶೋಕ ಹಾಲಿನಲ್ಲಿ ಕರ್ನಾಟಕ ಸಂಘ ಕತಾರ್ ಅಥವಾ ತುಳುಕೂಟದ ಕಾರ್ಯಕ್ರಮಕ್ಕೆ ಹೋದರೆ, ನಡುವೆ ಬರುವ ಮಾತು ಬಹಳ ಸಲ ಊರಲ್ಲಿ ಕಟ್ಟಿಸುತ್ತಿರುವ ಮನೆಯದ್ದೇ: ಸ್ಲ್ಯಾಬ್ ಆಯಿತೇ, ಗ್ರಾನೈಟ್ ಯಾವುದು, ಭಾವ ನೋಡಿಕೊಳ್ಳುತ್ತಾರೋ ಅಣ್ಣನೋ. ಭಟ್ಕಳದಿಂದ ಮಂಜೇಶ್ವರದವರೆಗೆ ಹೆದ್ದಾರಿಯ ಎರಡೂ ಬದಿಯಲ್ಲಿ ಕೊಲ್ಲಿಯ ಹಣದ ಮನೆಗಳು ತೋಟ, ಗದ್ದೆಗಳ ಮೇಲೆ ಎದ್ದಿವೆ. ಎಷ್ಟೋ ಮನೆಗಳಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ.

ಉಪಗ್ರಹಕ್ಕೆ ಅದು ನಗರಭೂಮಿ. ಮಾದರಿ ಅದಕ್ಕೆ ಕಾರಣವನ್ನು ಉಡುಪಿ ಜಿಲ್ಲೆಯ ಜನಸಂಖ್ಯೆಯಲ್ಲಿ, ಕರ್ನಾಟಕದ ತಲಾ ಆದಾಯದಲ್ಲಿ ಹುಡುಕುತ್ತದೆ. ಕಾರಣ ಇರುವುದು ಮೂರು ಸಾವಿರ ಕಿಲೋಮೀಟರಿಗೆ ಹತ್ತಿರದ ದೂರದಲ್ಲಿ, ಅನಿಲದ ಬೆಲೆಯಲ್ಲಿ, ವೀಸಾದ ನಿಯಮದಲ್ಲಿ. ಟಾಬ್ಲರ್ ಹೇಳಿದ ‘ಹತ್ತಿರದ್ದಕ್ಕೆ ಹೆಚ್ಚು ನಂಟು’ ಎಂಬ ಮಾತು ನಮ್ಮ ಕರಾವಳಿಯಲ್ಲಿ ಸೋಲುತ್ತದೆ. ಬಜಪೆ ವಿಮಾನ ನಿಲ್ದಾಣದಿಂದ ನೋಡಿದರೆ ಕೆಲವು ಕುಟುಂಬಗಳಿಗೆ ಕಲಬುರಗಿಗಿಂತ ದೋಹಾ ಹತ್ತಿರ. ಊರುಗಳ ಬೆಳವಣಿಗೆಯನ್ನು ಹೀಗೆ ದೂರದ ನಂಟುಗಳ ಮೂಲಕ ನೋಡಬೇಕೆಂದು ಸೆಟೊ ಮತ್ತು ಕೆಲವರು 2012ರ ಆಸುಪಾಸಿನಲ್ಲೇ ವಾದಿಸಿದ್ದರು. ವಾದ ಒಪ್ಪಿಗೆಯಾಯಿತು, ಮಾದರಿಯೊಳಗೆ ಇಳಿಯಲಿಲ್ಲ. ಯಾವ ಓಣಿಯಿಂದ ಯಾವ ಹಳ್ಳಿಗೆ ಎಷ್ಟು ಹಣ ಹೋಯಿತು ಎಂಬ ಅಂಕಿ ಯಾರ ಬಳಿಯೂ ಇಲ್ಲ. ಲೀ ಹೇಳಿದ ಆ ಹಸಿವು.

ತೀರ್ಮಾನವಾಗದ್ದು

ಮೊದಲ ತಕರಾರು ಹೆಸರಿನದು: ಊರು ಎಂದರೆ ಯಾವುದು? ನಮ್ಮ ಜನಗಣತಿಗೆ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದ ಹೊರಗಿರಬೇಕು. 2020ರಲ್ಲಿ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ಒಪ್ಪಿದ ಹೊಸ ಅಳತೆಯಲ್ಲಿ ಕಸುಬಿನ ಪ್ರಶ್ನೆಯೇ ಇಲ್ಲ, ಸಾಂದ್ರತೆ ಮತ್ತು ಒಟ್ಟು ಜನ ಮಾತ್ರ. 2025ರಲ್ಲಿ ಆ ಅಳತೆ ಹಿಡಿದು ಎಣಿಸಿದಾಗ ಟೋಕಿಯೊ ಕೆಳಗಿಳಿದು ಜಕಾರ್ತಾ ಜಗತ್ತಿನ ಅತಿ ದೊಡ್ಡ ನಗರವಾಯಿತು. ಅಲ್ಲಿ ಒಂದು ಇಟ್ಟಿಗೆಯನ್ನೂ ಇಡಬೇಕಾಗಿ ಬರಲಿಲ್ಲ. ಬೆಂಗಳೂರೂ 2007ರಲ್ಲಿ ಬಿಬಿಎಂಪಿ ಆದಾಗ 226 ಚದರ ಕಿಲೋಮೀಟರಿನಿಂದ 700ಕ್ಕೂ ಹೆಚ್ಚಿಗೆ ಒಂದು ಆದೇಶದಲ್ಲಿ ಬೆಳೆದಿತ್ತು; 2025ರಲ್ಲಿ ಮತ್ತೊಂದು ಆದೇಶ ಅದನ್ನು ಐದು ಪಾಲಿಕೆ ಮಾಡಿತು. 2031ಕ್ಕೆ 2.03 ಕೋಟಿ ಜನ ಎಂದು ಅಂದಾಜಿಸಿದ್ದ ಮಹಾಯೋಜನೆಯ ಕರಡು ನಡುವೆಯೇ ಮೂಲೆ ಸೇರಿತು.

ವಲಸೆಯನ್ನು ಹೇಗೆ ಲೆಕ್ಕಕ್ಕೆ ತರಬೇಕೆಂಬುದು ಎರಡನೆಯದು. ಇವತ್ತಿನ ಪ್ರಮಾಣವನ್ನೇ ಮುಂದಕ್ಕೆ ಒಯ್ದು, ಶತಮಾನದ ಕೊನೆಗೆ ನಿಧಾನಕ್ಕೆ ಇಳಿಸುತ್ತ ಬರುವುದು ವಾಡಿಕೆ. ಹತ್ತರಲ್ಲಿ ಒಬ್ಬನಿಗಿಂತ ತುಸು ಹೆಚ್ಚು ಮಂದಿ ಮಾತ್ರ ಪೌರರಾಗಿರುವ ದೇಶಕ್ಕೆ ಆ ವಾಡಿಕೆ ಒಗ್ಗುವುದಿಲ್ಲ, ಒಗ್ಗುವ ಬದಲಿ ಇನ್ನೂ ಹುಟ್ಟಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಬಹುಪಾಲು ಜಾಗತಿಕ ಮಾದರಿಗಳಲ್ಲಿ ಒಮ್ಮೆ ಊರಾದ ಚೌಕ ಮತ್ತೆ ಬಯಲಾಗುವುದಿಲ್ಲ. ಹಂಪಿಯನ್ನು ಕಂಡ ನಮಗೆ ಇದು ನಂಬುವ ಮಾತಲ್ಲ. ದೋಹಾದಿಂದ ವಾಯವ್ಯಕ್ಕೆ ಒಂದೂವರೆ ಗಂಟೆಯ ದಾರಿಯಲ್ಲಿ ಕತಾರಿಗೂ ಅಂಥದೊಂದಿದೆ: ಅಲ್ ಜುಬಾರಾ. 18ನೇ ಶತಮಾನದಲ್ಲಿ ಮುತ್ತಿನ ವ್ಯಾಪಾರದಿಂದ ಉಬ್ಬಿದ ಕೋಟೆಯೂರು ಅದು. 1811ರ ದಾಳಿಯಲ್ಲಿ ಹಾಳಾಯಿತು, ಒಂದಿಷ್ಟು ಚೇತರಿಸಿತು, 20ನೇ ಶತಮಾನದ ಆರಂಭಕ್ಕೆ ಖಾಲಿಯಾಯಿತು. ಯುನೆಸ್ಕೊ 2013ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹೆಚ್ಚಿನ ಭಾಗ ಮರಳಿನಡಿಯಲ್ಲಿ ಇದ್ದ ಹಾಗೇ ಉಳಿದಿರುವುದರಿಂದ.

ಹಸಿರು ಹಾದಿಯ ಕಥೆಯಲ್ಲಿ ಜಗತ್ತು ಅನಿಲ ಕೊಳ್ಳುವುದನ್ನು ಬಿಡುತ್ತಾ ಬರುತ್ತದೆ. ಅದೇ ಕಥೆಯಲ್ಲಿ ನೂರಕ್ಕೆ ತೊಂಬತ್ತೆರಡು ಜನ ಊರುಗಳಲ್ಲಿರುತ್ತಾರೆ. ಆ ನಕಾಶೆಯಲ್ಲಿ ಪರ್ಲ್, ವೆಸ್ಟ್ ಬೇಗಳ ಚೌಕಗಳಿಗೆ ಯಾವ ಬಣ್ಣ ಹಚ್ಚಬೇಕು, ಭಟ್ಕಳದ ಬೀಗ ಹಾಕಿದ ಮನೆಯ ಚೌಕಕ್ಕೆ ಯಾವುದು ಎಂಬ ಬಗ್ಗೆ ಪಂಥಗಳಲ್ಲಿ ಒಮ್ಮತವಿಲ್ಲ. ಪುತ್ತೂರಿನವರನ್ನು ಕೇಳಿದೆ. ಅವರ ಮನೆ ಕೆಲಸ ಸ್ಲ್ಯಾಬಿನವರೆಗೆ ಬಂದಿದೆಯಂತೆ, ಮುಂದಿನ ರಜೆಗೆ ಹೋದಾಗ ಗಿಲಾವು ಮಾಡಿಸುತ್ತಾರಂತೆ.